ಮಹಡಿ ಮನೆಯ ತೀರ್ಥ

ಬೆಳಗಿನ ಐದೂವರೆಗೆ ಮೆಟ್ಟಿಲ ಮೇಲೆ ರಾಮಕ್ಕನ ಹೆಜ್ಜೆ ಸದ್ದು ಕೇಳಿದರೆ ಮುರಳೀಕೃಷ್ಣ ಗಟ್ಟಿಯಾಗಿ ಕಣ್ಣು ಮುಚ್ಚಿಕೊಳ್ಳುತ್ತಿದ್ದ. ಅರವತ್ತೇಳು ವರ್ಷದ ಹೆಂಗಸು ತುಂಬಿದ ಬಿಂದಿಗೆಯನ್ನು ಸೊಂಟದ ಮೇಲಿಟ್ಟುಕೊಂಡು ಹದಿನಾರು ಮೆಟ್ಟಿಲು ಹತ್ತುವಾಗ, ನಲವತ್ತೆರಡರ ಗಂಡಸು ಎಚ್ಚರವಾಗಿದ್ದೂ ಹಾಸಿಗೆಯಲ್ಲಿ ಬಿದ್ದಿದ್ದಾನೆ ಎಂದರೆ ಚೆನ್ನಾಗಿರುವುದಿಲ್ಲ. ನಿದ್ದೆಯಲ್ಲಿದ್ದಾನೆ ಎಂದರೆ ಅಷ್ಟು ಕೆಟ್ಟದಾಗಿ ಕಾಣುವುದಿಲ್ಲ. ತನಗೆ ತಾನೇ ಇಂಥ ಸಮಜಾಯಿಷಿ ಕೊಟ್ಟುಕೊಳ್ಳುವುದರಲ್ಲಿ ಅವನು ಗಟ್ಟಿಗ.

ಬಾಗಿಲ ಪಕ್ಕದ ಕಟ್ಟೆಯ ಮೇಲೆ ಬಿಂದಿಗೆ ಇಟ್ಟ ಸದ್ದು, ಅದರ ಬಾಯಿಗೆ ತಟ್ಟೆ ಮುಚ್ಚಿದ ಸದ್ದು, ಆಮೇಲೆ "ಮುರಳಿಯೋರೇ, ಇಟ್ಟಿದೀನಿ" ಎಂಬ ಒಂದೇ ಮಾತು. ಸ್ನಾನ ಮಾಡಿ ಒದ್ದೆ ತಲೆಗೆ ಟವೆಲ್ಲು ಸುತ್ತಿ ಬೀದಿಯ ನಲ್ಲಿಗೆ ಬಂದಾಗಿನಿಂದ ಆ ಮಾತಿನವರೆಗೆ ರಾಮಕ್ಕ ಯಾರ ಹತ್ತಿರವೂ ತುಟಿ ಪಿಟಕ್ಕೆನ್ನುತ್ತಿರಲಿಲ್ಲ. ಮೀಸಲು ನೀರೆಂದರೆ ಹಾಗೆ. ದೇವರಿಗೆಂದು ಎತ್ತಿಟ್ಟದ್ದು. ತರುವಾಗ ಮಾತಾಡಬಾರದು, ಎಂಜಲು ಕೈ ಸೋಕಬಾರದು, ನಡುದಾರಿಯಲ್ಲಿ ಕೆಳಗಿಳಿಸಬಾರದು. ರಾಮಕ್ಕನ ತಿಳಿವಳಿಕೆಯಲ್ಲಿ ಆ ನೀರು ಮಹಡಿ ಮನೆಯವರ ದೇವರ ಅಭಿಷೇಕಕ್ಕೆ ಹೋಗುತ್ತಿತ್ತು. ನಿಜವಾಗಿ ಹೋಗುತ್ತಿದ್ದುದು ಬಿಯರಿಗೆ.

ಮುರಳಿ ರಾಜಾಜಿನಗರದ ಇಂಡಸ್ಟ್ರಿಯಲ್ ಏರಿಯಾದಲ್ಲಿ ಒಂದು ಪ್ಲೇಟಿಂಗ್ ಕಾರ್ಖಾನೆಯ ಕೆಮಿಸ್ಟ್. ನಲ್ಲಿಗಳಿಗೆ, ಬೈಕಿನ ಭಾಗಗಳಿಗೆ ನಿಕ್ಕಲ್ಲು, ಕ್ರೋಮು ಹಿಡಿಸುವ ಜಾಗ. ನೀರು ಒಂದಿಷ್ಟು ಹೆಚ್ಚುಕಮ್ಮಿಯಾದರೂ ಲೋಹದ ಮೇಲೆ ಕಲೆ ಏಳುತ್ತದೆ. ಹಾಗಾಗಿ ನೀರಿನ ವಿಷಯದಲ್ಲಿ ಅವನ ಮಾತಿಗೆ ಅಲ್ಲಿ ಬೆಲೆಯಿತ್ತು. ಅವನದು ಯಾವಾಗಲೂ ಎರಡನೆಯ ಶಿಫ್ಟು. ಹೆಂಡತಿ ರಾಗಿಣಿ ಹತ್ತಿರದ ಶಾಲೆಯೊಂದರ ಆಫೀಸಿನಲ್ಲಿದ್ದಳು. ಇಬ್ಬರೂ ಬಸವೇಶ್ವರನಗರದಲ್ಲಿ ದೊಡ್ಡಹನುಮಯ್ಯ ಮತ್ತು ರಾಮಕ್ಕ ದಂಪತಿಯ ಮಹಡಿಯಲ್ಲಿ ಬಾಡಿಗೆಗೆ ಬಂದು ಮೂರು ವರ್ಷವಾಗಿತ್ತು.

ಮನೆ ಕೊಡುವ ದಿನವೇ ರಾಮಕ್ಕ ಒಂದು ಮಾತು ಹೇಳಿದ್ದರು. ಮಾಂಸ ಮಾಡಿಕೊಳ್ಳಿ, ನೆಂಟರನ್ನು ಕರೆಸಿಕೊಳ್ಳಿ, ಗೋಡೆಗೆ ಮೊಳೆ ಹೊಡೆಯಿರಿ, ಕುಡಿಯುವವರಿಗೆ ಮಾತ್ರ ನಾನು ಮನೆ ಕೊಡುವುದಿಲ್ಲ ಎಂದು. ಅವರ ತಮ್ಮ ಕೆಂಚಪ್ಪ ಸಾರಾಯಿ ಕುಡಿದು ಕುಡಿದು ಮೂವತ್ತೊಂದನೆಯ ವಯಸ್ಸಿಗೆ ಸತ್ತಿದ್ದ, ಅದೂ ಇದೇ ಮನೆಯ ಹಿಂದಿನ ರೂಮಿನಲ್ಲಿ. ಮುರಳಿ ನೆಟ್ಟಗೆ ಅವರ ಮುಖ ನೋಡಿ, ತಾನು ಮುಟ್ಟುವುದಿಲ್ಲ ಎಂದಿದ್ದ. ಆಗ ಅದು ಹೆಚ್ಚುಕಡಿಮೆ ನಿಜವೇ ಆಗಿತ್ತು. ಬೇರೆಯವರು ಕೊಡಿಸಿದರೆ ಮಾತ್ರ ಕುಡಿಯುವುದನ್ನು ಅವನು ಕುಡಿತ ಎಂದು ಎಣಿಸುತ್ತಿರಲಿಲ್ಲ.

ಕೆಡಿಸಿದವನು ವಿಜಯನಗರದ ಜೀವನ್, ಮುರಳಿಯ ಕಾಲೇಜಿನ ಗೆಳೆಯ. ಅವನ ಮನೆಯಲ್ಲಿ ಒಂದು ಭಾನುವಾರ ದೊಡ್ಡ ಪಾತ್ರೆಯಲ್ಲಿ ಮೊಳಕೆ ಬಾರ್ಲಿ, ಅಂದರೆ ಮಾಳ್ಟು, ಬೇಯುವುದನ್ನು ನೋಡಿದ ಮುರಳಿ ಮನಸೋತುಬಿಟ್ಟ. ಕುಡಿಯುವ ಆಸೆಗಿಂತ ಹೆಚ್ಚಾಗಿ ಅದು ಕೆಮಿಸ್ಟನ ಆಸೆ. ಥರ್ಮಾಮೀಟರು, ಅಳತೆಯ ಜಾಡಿ, ತೊಟ್ಟು ತೊಟ್ಟಾಗಿ ಹಾಕುವ ಆಸಿಡ್ಡು. ಕಾರ್ಖಾನೆಯಲ್ಲಿ ಇದೇ ಕೆಲಸ ಮಾಡಿದರೆ ಕೊನೆಗೆ ನಲ್ಲಿಯ ಹಿಡಿ ಸಿಗುತ್ತಿತ್ತು, ಇಲ್ಲಿ ಬಿಯರು ಸಿಗುತ್ತಿತ್ತು. ತಿಂಗಳೊಪ್ಪತ್ತಿನಲ್ಲಿ ಅವನ ಅಡುಗೆಮನೆಯಲ್ಲೂ ಪಾತ್ರೆ ಬಂತು. ಅಬಕಾರಿಯವರಿಗೆ ತಿಳಿದರೆ ಗತಿಯೇನು ಎಂದು ರಾಗಿಣಿ ಕೇಳಿದಳು. ಅವನಿಗೆ ಅಬಕಾರಿಯವರಿಗಿಂತ ಕೆಳಗಿನ ಮನೆಯವರ ಭಯ ಹೆಚ್ಚಿತ್ತು. ಮಾಳ್ಟಿನ ವಾಸನೆ ಮೆಟ್ಟಿಲಿಳಿದಾಗ, ಹುರಿಹಿಟ್ಟು ಮಾಡುತ್ತಿದ್ದೇವೆ ಎಂದು ಹೇಳಿ ಪಾರಾದ.

ಆದರೆ ಬಿಯರು ಬರಲಿಲ್ಲ. ಕಾವೇರಿ ನೀರು ಆ ಬೀದಿಗೆ ದಿನ ಬಿಟ್ಟು ದಿನ ಬರುತ್ತದೆ, ಬಂದದ್ದು ಸೀದಾ ಸಂಪಿಗೆ ಬೀಳುತ್ತದೆ. ಸಂಪಿನಲ್ಲಿ ಬೋರಿನ ನೀರೂ ಇರುತ್ತದೆ, ಬೇಸಿಗೆಯಲ್ಲಿ ಟ್ಯಾಂಕರಿನದೂ ಸೇರುತ್ತದೆ. ಬೋರ್ ನೀರಿನಲ್ಲಿ ಬೇಳೆ ಬೇಯುವುದಿಲ್ಲ ಎಂಬುದು ಬಸವೇಶ್ವರನಗರದ ಹೆಂಗಸರಿಗೆಲ್ಲ ಗೊತ್ತು. ಬಿಯರೂ ಆಗುವುದಿಲ್ಲ ಎಂಬುದು ಮುರಳಿಗೆ ಮೂರು ಸಲ ಇಪ್ಪತ್ತಿಪ್ಪತ್ತು ಲೀಟರ್ ಮೋರಿಗೆ ಚೆಲ್ಲಿದ ಮೇಲೆ ಗೊತ್ತಾಯಿತು. ನೀರಿನಲ್ಲಿ ಅಷ್ಟೊಂದು ಸುಣ್ಣದ ಅಂಶವಿದ್ದರೆ ಬಾರ್ಲಿಯ ಗಂಜಿಗೆ ಬರಬೇಕಾದ ಸಣ್ಣ ಹುಳಿ ಬರುವುದಿಲ್ಲ. ಬದಲಿಗೆ ಸಿಪ್ಪೆಯ ಒಗರೆಲ್ಲ ಇಳಿದು, ಕುಡಿದರೆ ಸುಣ್ಣ ಬಳಿದ ಗೋಡೆ ನೆಕ್ಕಿದ ಹಾಗಾಗುತ್ತದೆ. ಫಿಲ್ಟರಿನ ನೀರು ಹಿಡಿಯೋಣವೆಂದರೆ ಅದು ಒಂದು ಕೊಡ ಕೊಡುವುದಕ್ಕೆ ಮೂರು ಕೊಡ ಮೋರಿಗೆ ಬಿಡುತ್ತದೆ. ಟ್ಯಾಂಕು ಇಷ್ಟು ಬೇಗ ಹೇಗೆ ಖಾಲಿಯಾಯಿತೆಂದು ರಾಮಕ್ಕ ಕೆಳಗಿನಿಂದ ವಿಚಾರಿಸುತ್ತಾರೆ. ಉಳಿದದ್ದು ಒಂದೇ ದಾರಿ. ಸಂಪಿಗೆ ಬೀಳುವ ಮೊದಲೇ, ಮೀಟರಿನ ಪಕ್ಕದ ನಲ್ಲಿಯಲ್ಲಿ ಬರೀ ಕಾವೇರಿ ನೀರು ಹಿಡಿಯುವುದು. ಅದನ್ನು ಬಾಯಿಗೆ ಬಟ್ಟೆ ಕಟ್ಟಿ ಒಂದು ದಿನ ತೆರೆದಿಟ್ಟು ಕ್ಲೋರಿನ್ ವಾಸನೆ ಬಿಡಿಸಿ, ಚಿಟಿಕೆ ಜಿಪ್ಸಮ್ಮು, ಚಿಟಿಕೆ ಕ್ಯಾಲ್ಸಿಯಂ ಕ್ಲೋರೈಡು, ನಾಲ್ಕು ತೊಟ್ಟು ಲ್ಯಾಕ್ಟಿಕ್ ಆಸಿಡ್ಡು ಹಾಕಿ ಬೇಕಾದ ಹದಕ್ಕೆ ತಿದ್ದಿಕೊಳ್ಳುವುದು.

ಹಾಗೆಂದು ಒಂದು ದಿನ ಅವನು ಬೆಳಗಿನ ಜಾವಕ್ಕೇ ಕಣ್ಣುಜ್ಜುತ್ತಾ ಪ್ಲಾಸ್ಟಿಕ್ ಕ್ಯಾನು ಹಿಡಿದು ಕೆಳಗೆ ಹೋದ. ರಾಮಕ್ಕ ಅಲ್ಲೇ ನಿಂತಿದ್ದರು. ಸಂಪು ತುಂಬುತ್ತಿರುವಾಗ ಇಲ್ಲೇಕೆ ಹಿಡಿಯುತ್ತೀರಿ ಎಂದು ಕೇಳಿದರು. ಯಾವುದಕ್ಕೂ ಬೆರೆಯದ ನೀರು ಬೇಕು, ಯಾರೂ ಕೈ ಅದ್ದಿರಬಾರದು, ಮುಚ್ಚಿಟ್ಟಿರಬೇಕು ಎಂದು ಮುರಳಿ ತನ್ನ ಕೆಮಿಸ್ಟಿನ ಮಾತನ್ನೇ ಹೇಳಿದ. ರಾಮಕ್ಕನ ಮುಖ ಅರಳಿತು.

"ದೇವ್ರಿಗಾ?"

ಇಲ್ಲ ಎನ್ನಬಹುದಿತ್ತು. ಹೊಟ್ಟೆನೋವಿನ ಔಷಧಿಗೆ ಎನ್ನಬಹುದಿತ್ತು, ಅದೂ ಸುಳ್ಳೇ, ಆದರೆ ಸಣ್ಣ ಸುಳ್ಳು. ಮುರಳಿ ಆಕಳಿಸುತ್ತಾ "ಹೂಂ" ಎಂದ.

ದೇವರಿಗೆ ಪ್ಲಾಸ್ಟಿಕ್ಕಿನಲ್ಲಿ ಹಿಡಿಯುತ್ತಾರೆಯೇ ಎಂದು ರಾಮಕ್ಕ ಅವನ ಕೈಯಿಂದ ಕ್ಯಾನು ಕಸಿದುಕೊಂಡರು. ಹೊಸ ಸ್ಟೀಲ್ ಬಿಂದಿಗೆ ತಂದುಕೊಡಿ, ರಾತ್ರಿ ಹನ್ನೊಂದಕ್ಕೆ ಕೆಲಸದಿಂದ ಬರುವವರು ಈ ಹೊತ್ತಿಗೆ ಏಳಬೇಡಿ, ನಾನು ಹೇಗೂ ಎದ್ದಿರುತ್ತೇನೆ, ಮೀಸಲು ಮಾಡಿ ತಂದಿಡುತ್ತೇನೆ ಎಂದರು. ಈ ಕಾಲದಲ್ಲೂ ಇಷ್ಟು ನಿಷ್ಠೆಯಿಂದ ಪೂಜೆ ಮಾಡುವವರು ನಮ್ಮ ಮನೆಯಲ್ಲಿ ಇದ್ದಾರಲ್ಲ ಎಂದು ಸಂತೋಷಪಟ್ಟರು. ಮುರಳಿ ಅದೇ ದಿನ ಅಂಗಡಿಗೆ ಹೋಗಿ ಬಿಂದಿಗೆ ತಂದ. ಅದರಲ್ಲಿ ಅವನು ತಡಮಾಡಲಿಲ್ಲ.

ಅವತ್ತಿನಿಂದ ಆ ಮನೆಯಲ್ಲಿ ನೀರಿಗೆ ನಡೆದ ಆರೈಕೆ ಅವನ ಕಾರ್ಖಾನೆಯಲ್ಲೂ ನಡೆದಿರಲಿಲ್ಲ. ರಾಮಕ್ಕ ಬಿಂದಿಗೆಯನ್ನು ಸೋಪು ಸೋಕಿಸದೆ ಬರೀ ಹುಣಿಸೆಹಣ್ಣಿನಲ್ಲಿ ತಿಕ್ಕುತ್ತಿದ್ದರು. ಮೊದಲು ಬಂದ ನೀರನ್ನು ಹರಿಯಲು ಬಿಟ್ಟು, ತಿಳಿಯಾದ ಮೇಲೆ ಹಿಡಿಯುತ್ತಿದ್ದರು. ಬೆರಳ ತುದಿಯೂ ಒಳಗೆ ಹೋಗದಂತೆ ಕತ್ತಿನಲ್ಲಿ ಹಿಡಿದು ಎತ್ತುತ್ತಿದ್ದರು. ನೀರಿಗೆ ಅಭಾವವಿದ್ದ ಬೇಸಿಗೆಯಲ್ಲಿ ಒಂದು ದಿನ ಸ್ಕೂಟರಿನವನೊಬ್ಬ ವಿಳಾಸ ಕೇಳಿದಾಗ ಬಾಯಿ ತಪ್ಪಿ "ಮುಂದಿನ್ ಕ್ರಾಸು" ಎಂದುಬಿಟ್ಟರಂತೆ. ತುಂಬಿದ ಬಿಂದಿಗೆಯನ್ನು ದಾಸವಾಳದ ಗಿಡಕ್ಕೆ ಸುರಿದು, ಮತ್ತೆ ಸ್ನಾನ ಮಾಡಿ, ಬೇರೆ ಹಿಡಿದು ತಂದಿದ್ದರು. ಕೆಳಗೇ ಇಡಿ, ನಾನು ಬಂದು ಒಯ್ಯುತ್ತೇನೆ ಎಂದು ಮುರಳಿ ಒಮ್ಮೆ ಹೇಳಿದ. ಮೀಸಲನ್ನು ನಡುವೆ ಇಳಿಸಬಾರದು ಎಂದರು ರಾಮಕ್ಕ. ಒಮ್ಮೆ ಹೇಳಿದ್ದೇನಲ್ಲ, ನನ್ನ ಕರ್ತವ್ಯ ಮುಗಿಯಿತು ಎಂದುಕೊಂಡು ಅವನು ಸುಮ್ಮನಾದ.

ಬಿಂದಿಗೆಯ ಕತ್ತಿಗೆ ಅವರು ಪ್ರತಿ ಸಲವೂ ಒಂದು ಬೊಟ್ಟು ಕುಂಕುಮ ಹಚ್ಚಿರುತ್ತಿದ್ದರು. ನೀರು ಸುರಿದುಕೊಳ್ಳುವ ಮೊದಲು ಮುರಳಿ ಹತ್ತಿಯನ್ನು ಸ್ಪಿರಿಟ್ಟಿನಲ್ಲಿ ಅದ್ದಿ ಅದನ್ನು ಒರೆಸುತ್ತಿದ್ದ. ಒರೆಸಿದ ಹತ್ತಿ ಕೆಂಪಗಾಗುತ್ತಿತ್ತು. ಅದನ್ನು ಕಸದ ಬುಟ್ಟಿಯಲ್ಲಿ ಬೇರೆ ಕಸದ ಕೆಳಗೆ ತಳ್ಳುತ್ತಿದ್ದ. ಅಡುಗೆಮನೆಯಲ್ಲಿದ್ದ ದೇವರ ಗೂಡಿನಲ್ಲಿ ಜಿಪ್ಸಮ್ಮಿನ ಡಬ್ಬಿ, ಆಸಿಡ್ಡಿನ ಸೀಸೆ, ಅಳತೆಯ ಜಾಡಿಗಳು ಸಾಲಾಗಿ ಕೂತಿದ್ದವು. ರಾಮಕ್ಕ ಅದನ್ನು ನೋಡಿರಲಿಲ್ಲ. ಪೂಜೆ ನಡೆಯುವ ಮನೆಯೊಳಕ್ಕೆ ಬೀದಿ ತುಳಿದ ಕಾಲಲ್ಲಿ ಬರಬಾರದೆಂದು ಅವರು ಹೊಸಿಲು ದಾಟುತ್ತಿರಲಿಲ್ಲ.

ಬಿಯರು ಮಾತ್ರ ಅದ್ಭುತವಾಗಿ ಬಂತು. ಜೀವನ್ ಮನೆಯಲ್ಲಿ ಮಧ್ಯಾಹ್ನದ ಊಟಕ್ಕೆ ಹತ್ತು ಹನ್ನೆರಡು ಜನ ಇಂಥದೇ ಹುಚ್ಚಿನವರು ಸೇರಿದ್ದಾಗ ಎಲ್ಲರೂ ಮುರಳಿಯ ಬಾಟಲಿಗೇ ಕೈ ಹಾಕಿದರು. ಗುಟ್ಟೇನು ಗುರು ಎಂದು ಕೇಳಿದರು. ಮೊದಲು ಅವನು ನೀರಿನ ಲೆಕ್ಕ ಹೇಳಿದ. ಅದು ಯಾರಿಗೂ ರುಚಿಸಲಿಲ್ಲ. ಆಗ ರಾಮಕ್ಕನ ಕಥೆ ಹೇಳಿದ. ಬರೀ ಹೇಳಲಿಲ್ಲ, ಎದ್ದು ನಿಂತು ಮಾಡಿ ತೋರಿಸಿದ. ತಲೆಗೆ ಟವೆಲ್ಲು ಸುತ್ತಿಕೊಂಡ, ಸೊಂಟದ ಮೇಲೆ ಖಾಲಿ ಪಾತ್ರೆ ಇಟ್ಟುಕೊಂಡ, ತುಟಿ ಬಿಗಿದು ಹಾಲಿನವನಿಗೆ ಕಣ್ಣಲ್ಲೇ ಸನ್ನೆ ಮಾಡಿದ. ಜನ ಹೊಟ್ಟೆ ಹಿಡಿದುಕೊಂಡು ನಕ್ಕರು. ಜೀವನ್ ಮುಂದಿನ ವಾರವೇ ಬಿಂದಿಗೆಯ ಚಿತ್ರ ಹಾಕಿ, ಕೆಳಗೆ ದಪ್ಪಕ್ಷರದಲ್ಲಿ 'ಮೀಸಲು' ಎಂದು ಬರೆದು ಬಾಟಲಿಗೆ ಅಂಟಿಸುವ ಲೇಬಲ್ಲು ಮಾಡಿಸಿಕೊಟ್ಟ.

ಆ ಲೇಬಲ್ಲುಗಳನ್ನು ಸ್ಕೂಟರಿನ ಸೀಟಿನಡಿ ಇಟ್ಟುಕೊಂಡು ಬಂದ ಭಾನುವಾರ ಸಂಜೆ ಗೇಟಿನ ಹತ್ತಿರ ರಾಮಕ್ಕ ಅವನನ್ನು ತಡೆದು ಎರಡು ಒಬ್ಬಟ್ಟು ಕೊಟ್ಟರು. ಪೂಜೆ ಮಾಡುವವರಿಗೆಂದು ಮೊದಲೇ ತೆಗೆದಿಟ್ಟದ್ದು ಎಂದರು. ಮುರಳಿ ಅಲ್ಲೇ ನಿಂತು ತಿಂದ. ಗಂಟಲಲ್ಲಿ ಇಳಿಯಲಿಲ್ಲ ಎಂದು ಬರೆಯಬಹುದಿತ್ತು, ಆದರೆ ಇಳಿಯಿತು, ರುಚಿಯಾಗಿಯೂ ಇತ್ತು. ಅದಕ್ಕೇ ಅವನಿಗೆ ಮೊದಲ ಸಲ ತನ್ನ ಮೇಲೆ ಹೇಸಿಗೆಯಾಯಿತು.

ನೀರು ತರಲು ತೊಡಗಿದ ಎಂಟನೆಯ ತಿಂಗಳಲ್ಲಿ ದೊಡ್ಡಹನುಮಯ್ಯನವರಿಗೆ ಲಕ್ವ ಹೊಡೆಯಿತು. ಎಪ್ಪತ್ತಾರು ವರ್ಷ, ಮಿಲ್ಲಿನಲ್ಲಿ ದುಡಿದು ಗಟ್ಟಿಯಾದ ಮೈ. ಹತ್ತು ದಿನ ಆಸ್ಪತ್ರೆಯಲ್ಲಿದ್ದು ಮನೆಗೆ ಬಂದಾಗ ಬಲಗೈ ಹಾಸಿಗೆಯ ಮೇಲೆ ಬಿದ್ದದ್ದು ಬಿದ್ದ ಹಾಗೇ ಇರುತ್ತಿತ್ತು, ಮಾತು ತೊದಲುತ್ತಿತ್ತು. ಡಾಕ್ಟರು ರಕ್ತ ಹೆಪ್ಪುಗಟ್ಟದಿರಲು ಮಾತ್ರೆ ಬರೆದುಕೊಟ್ಟು, ಒಂದು ದಿನವೂ ತಪ್ಪಿಸಬಾರದು ಎಂದು ಹೇಳಿ ಕಳಿಸಿದ್ದರು.

ಮನೆಗೆ ಬಂದ ಮರುದಿನ ರಾಮಕ್ಕ ಮಹಡಿ ಹತ್ತಿ ಬಂದರು. ಕೈಯಲ್ಲಿ ಬಿಂದಿಗೆಯಿರಲಿಲ್ಲ. ಹೊಸಿಲಾಚೆ ನಿಂತು ಸೆರಗು ಹೊದ್ದುಕೊಂಡರು.

"ಎಂಟ್ ತಿಂಗ್ಳಿಂದ ನಾನೇ ನೀರ್ ತಂದಿದೀನಿ ಮುರಳಿಯೋರೇ. ನಿಮ್ ದೇವ್ರು ನನ್ ಮುಖ ನೋಡಿಲ್ದೆ ಇರ್ಬೋದು, ನನ್ ನೀರ್ ಗೊತ್ತಿರತ್ತೆ. ಯಜಮಾನ್ರಿಗೆ ಒಂದ್ ಚಮಚ ತೀರ್ಥ ಕೊಡಿ."

ಮುರಳಿ ರಾಗಿಣಿಯ ಮುಖ ನೋಡಿದ. ಅವಳು ನೆಲ ನೋಡಿದಳು. ಹೇಳಿಬಿಡಲು ಅದಕ್ಕಿಂತ ಒಳ್ಳೆಯ ಗಳಿಗೆ ಇರಲಿಲ್ಲ, ಅದಕ್ಕಿಂತ ಕೆಟ್ಟ ಗಳಿಗೆಯೂ ಇರಲಿಲ್ಲ. ಗಂಡ ಹಾಸಿಗೆ ಹಿಡಿದ ಹೆಂಗಸಿಗೆ ಬಾಗಿಲಲ್ಲಿ ನಿಲ್ಲಿಸಿಕೊಂಡು ಹೇಗೆ ಹೇಳುವುದು ಎಂದು ಅವನು ತನ್ನ ಹೇಡಿತನಕ್ಕೆ ಕರುಣೆಯ ಹೆಸರಿಟ್ಟ. ಒಳಗೆ ಹೋಗಿ, ಆ ಬೆಳಿಗ್ಗೆ ಅವರೇ ತಂದಿಟ್ಟಿದ್ದ ಬಿಂದಿಗೆಯಿಂದ ಒಂದು ಲೋಟ ನೀರು ಬಗ್ಗಿಸಿಕೊಂಡು ಬಂದ. ಕೊಟ್ಟು ಕಳಿಸುವುದಷ್ಟೇ ಎಂದುಕೊಂಡಿದ್ದ. ಪೂಜೆ ಮಾಡಿದ ಕೈಯಿಂದಲೇ ಹಾಕಬೇಕು, ಬನ್ನಿ ಎಂದರು ರಾಮಕ್ಕ.

ದೊಡ್ಡಹನುಮಯ್ಯ ತೀರ್ಥಕ್ಕೆಂದು ಬಲಗೈ ಎತ್ತಲು ನೋಡಿದರು. ಅದು ಏಳಲಿಲ್ಲ. ಎಡಗೈ ಮುಂದೆ ಬಂತು, ತಕ್ಷಣ ಹಿಂದಕ್ಕೆಳೆದುಕೊಂಡರು. ತೀರ್ಥವನ್ನು ಎಡಗೈಯಲ್ಲಿ ತೆಗೆದುಕೊಳ್ಳಬಾರದು. ಕೊನೆಗೆ ಮಕ್ಕಳ ಹಾಗೆ ಬಾಯಿ ತೆರೆದರು. ಮುರಳಿ ಮೂರು ಚಮಚ ಹಾಕಿದ. ಹಿಂದಿನ ದಿನ ಮಾಳ್ಟು ಕಲಸಿದ ಕೈ ಇನ್ನೂ ಸಣ್ಣಗೆ ವಾಸನೆ ಬರುತ್ತಿತ್ತು. ಮುದುಕರ ಕಣ್ಣಂಚಿನಲ್ಲಿ ನೀರು ಇಳಿಯಿತು. ಮುರಳಿಗೆ ಆ ಕೋಣೆಯಿಂದ ಎದ್ದು ಓಡಬೇಕೆನಿಸಿತು.

ಅವನು ಬಿಯರು ಮಾಡುವುದನ್ನು ನಿಲ್ಲಿಸಿದ. ಹಿಂದಿನ ದಿನ ಕಲಸಿಟ್ಟಿದ್ದ ಕೊನೆಯ ಬಕೆಟ್ಟು ಮಂಚದಡಿ ಹಾಗೇ ಉಳಿಯಿತು. ಹಿಂದೆ ಚೆಲ್ಲಿದಾಗ ಹೇಗೋ ಪಾರಾಗಿದ್ದ, ಈಗ ಚೆಲ್ಲಿದರೆ ಮೋರಿಯಿಂದ ಕೆಳಗೆ ವಾಸನೆ ಹೋಗುತ್ತದೆಂಬ ಭಯ. ನೀರು ಮಾತ್ರ ನಿಲ್ಲಲಿಲ್ಲ. ರಾಮಕ್ಕ ದಿನ ಬಿಟ್ಟು ದಿನ ತಂದಿಡುತ್ತಿದ್ದರು, ಈಗ ಮೊದಲಿಗಿಂತ ಹೆಚ್ಚು ಭಕ್ತಿಯಿಂದ. ಬೆಳಿಗ್ಗೆ ಏಳಕ್ಕೆ ಮುರಳಿ ಲೋಟ ಹಿಡಿದು ಕೆಳಗೆ ಹೋಗಿ ಮೂರು ಚಮಚ ಹಾಕಿ ಬರುವುದು ಪದ್ಧತಿಯೇ ಆಯಿತು. ಎರಡು ವಾರ ಕಳೆಯುವಷ್ಟರಲ್ಲಿ ಮುದುಕರ ಬಲಗೈಯ ಬೆರಳು ಆಡಿದವು, ಆಮೇಲೆ ಮಣಿಕಟ್ಟು, ಮತ್ತೊಂದು ವಾರಕ್ಕೆ ಮೊಣಕೈ. ಮಾತು ತಿಳಿಯಾಯಿತು. ಮೊದಲ ವಾರಗಳಲ್ಲಿ ಹೀಗೆ ಸುಧಾರಿಸುವುದುಂಟು, ವ್ಯಾಯಾಮ ಬಿಡಬೇಡಿ ಎಂದು ಡಾಕ್ಟರು ಹೇಳಿದರಂತೆ. ರಾಮಕ್ಕ ಅದನ್ನು ಮರ್ಯಾದೆಗೆ ಕೇಳಿಸಿಕೊಂಡು, ಮನೆಗೆ ಬಂದು ಮಹಡಿಯ ಕಡೆಗೆ ಕೈಮುಗಿದರು.

ನಾಲ್ಕನೆಯ ವಾರದಲ್ಲಿ ಒಂದು ಬೆಳಿಗ್ಗೆ ಚಮಚ ಇಡಲು ಹೋದ ಮುರಳಿಯ ಕಣ್ಣಿಗೆ ಕಿಟಕಿಯಲ್ಲಿದ್ದ ಮಾತ್ರೆಯ ಡಬ್ಬಿ ಬಿತ್ತು. ಎರಡು ಹಾಳೆ ಮಾತ್ರೆ ಒಂದೂ ಕಿತ್ತಿರದೆ ಹಾಗೇ ಇದ್ದವು. ಇದು ಮುಂದಿನ ತಿಂಗಳದ್ದೇ ಎಂದು ಕೇಳಿದ.

ರಾಮಕ್ಕನ ಮುಖದಲ್ಲಿ ಒಂದು ಥರದ ಹೆಮ್ಮೆಯಿತ್ತು. "ಅದನ್ನ ಬಿಟ್ಟು ಹನ್ನೆರಡ್ ದಿನ ಆಯ್ತು. ತೀರ್ಥ ಕುಡ್ದು ಮೇಲೆ ಮಾತ್ರೆನೂ ನುಂಗಿದ್ರೆ ದೇವ್ರನ್ನ ಅನುಮಾನಿಸ್ದಂಗಲ್ವಾ ಅಂತಾರೆ ಇವ್ರು. ನಂಗೂ ಹೌದು ಅನ್ನಿಸ್ತು."

ಮುರಳಿ ಮಹಡಿಗೆ ಬಂದು ರಾಗಿಣಿಗೆ ಹೇಳಿದ. ಇನ್ನೊಂದು ಸಲ ಹೊಡೆದರೆ ಅವರು ಏಳುವುದಿಲ್ಲ ಎಂದಳು ಅವಳು. ಅದು ಅವನಿಗೂ ಗೊತ್ತಿತ್ತು. ಮಾತ್ರೆಯನ್ನೂ ತೆಗೆದುಕೊಳ್ಳಬೇಕೆಂದು ದೇವರು ಹೇಳಿದ್ದಾನೆ ಎಂದುಬಿಟ್ಟರೆ ಹೇಗೆ ಎಂದ. ಎಷ್ಟು ಸುಲಭವಾಗಿ ಅದು ಬಾಯಿಗೆ ಬಂತೆಂದರೆ, ಹೇಳಿ ಮುಗಿಸುವಾಗ ಅವನಿಗೆ ನೆಮ್ಮದಿಯೇ ಆಗಿತ್ತು. ರಾಗಿಣಿ ಯಾವತ್ತೂ ಅವನ ಬಿಯರನ್ನು ಬೈದವಳಲ್ಲ, ದೇವರ ವಿಷಯದಲ್ಲೂ ಅವಳಿಗೆ ಅಂಥ ಭಯಭಕ್ತಿಯಿಲ್ಲ. ಟಿಫಿನ್ ಡಬ್ಬಿ ಮುಚ್ಚುತ್ತಾ ಕೇಳಿದಳು.

"ಇನ್ನೂ ಒಂದ್ ಸುಳ್ಳಾ?"

ಆಮೇಲೆ ಬ್ಯಾಗು ಹೆಗಲಿಗೆ ಹಾಕಿಕೊಂಡು ಹೋದಳು. ಆ ದಿನ 'ಹೂಂ' ಎಂದಾಗ ಬಾರದ ನಾಚಿಕೆ, ಜೀವನ್ ಮನೆಯಲ್ಲಿ ಕುಣಿದಾಗ ಬಾರದ ನಾಚಿಕೆ, ಎಲ್ಲ ಒಟ್ಟಿಗೆ ಬಂದು ಮುರಳಿಯ ಕಿವಿ ಸುಟ್ಟಿತು. ಸುಟ್ಟರೇನು, ಅವತ್ತು ಅವನು ಏನೂ ಹೇಳಲಿಲ್ಲ. ಕಾರ್ಖಾನೆಗೆ ಹೋಗಿ ಒಂದು ಇಡೀ ಲಾಟು ನಲ್ಲಿಗಳನ್ನು ಕೆಡಿಸಿ ಬಂದ. ಮರುದಿನ ಬೆಳಿಗ್ಗೆ ಮತ್ತೆ ಮೂರು ಚಮಚ ಹಾಕಿದ. ಮಾತ್ರೆ ಬಿಟ್ಟ ಹದಿಮೂರನೆಯ ದಿನ. ದೊಡ್ಡಹನುಮಯ್ಯ ಬಲಗೈ ಬೆರಳನ್ನು ಒಂದೊಂದಾಗಿ ಮಡಚಿ ತೋರಿಸಿ ನಕ್ಕರು. ಈ ನಗು ನಾಳೆ ಇರುತ್ತದೋ ಇಲ್ಲವೋ ಎಂದು ಮುರಳಿಗೆ ಅನ್ನಿಸಿತು. ಹನ್ನೊಂದು ಗಂಟೆಗೆ, ಇನ್ನು ಕೂತರೆ ಎಂದೂ ಏಳುವುದಿಲ್ಲ ಎಂದು ಗೊತ್ತಾಗಿ, ಮೆಟ್ಟಿಲಿಳಿದು ಹೋಗಿ ರಾಮಕ್ಕನನ್ನು ಮೇಲೆ ಕರೆದ.

ಅವರು ಎಂದಿನಂತೆ ಹೊಸಿಲಲ್ಲೇ ನಿಂತರು. ನಾನು ಒಳಗೆ ಬರಬಹುದೇ, ಕಾಲು ತೊಳೆದು ಬರಲೇ ಎಂದು ಕೇಳಿದರು. ಮುರಳಿ ದಾರಿ ಬಿಟ್ಟ. ನೇರ ಅಡುಗೆಮನೆಗೆ ಕರೆದುಕೊಂಡು ಹೋಗಿ ದೇವರ ಗೂಡಿನ ಬಾಗಿಲು ತೆಗೆದ. ಮಂಚದಡಿಯ ಬಕೆಟ್ಟು ಎಳೆದು ತಂದು ಮುಚ್ಚಳ ಎತ್ತಿದ. ನಾಲ್ಕು ವಾರ ಹುಳಿತ ವಾಸನೆ ಮನೆ ತುಂಬಿತು.

"ದೇವ್ರಿಲ್ಲ ಅಮ್ಮ. ನೀವ್ ತಂದಿದ್ ನೀರೆಲ್ಲ ಇದಕ್ಕೇ ಹೋಯ್ತು. ಇದು ಬಿಯರ್."

ರಾಮಕ್ಕ ಮೊದಲು ಗೂಡನ್ನು ನೋಡಿದರು, ಆಮೇಲೆ ಬಕೆಟ್ಟನ್ನು. ಸೆರಗಿನಿಂದ ಮೂಗು ಮುಚ್ಚಿಕೊಂಡರು. ಗೋಡೆಗೆ ಕೈಯೂರಿ ನಿಂತುಕೊಂಡು ಕೇಳಿದ್ದು ಒಂದೇ.

"ಇವ್ರಿಗೆ ಕುಡ್ಸಿದ್ದು?"

"ಬರೀ ನೀರು. ನೀವ್ ತಂದಿದ್ದೇ. ಅದಕ್ ನಾನು ಏನೂ ಹಾಕಿಲ್ಲ."

ಅವರು ಉಸಿರು ಬಿಟ್ಟರು. ಗೂಡಿನಲ್ಲಿದ್ದ ಲೇಬಲ್ಲಿನ ಕಟ್ಟಿನಿಂದ ಒಂದನ್ನು ತೆಗೆದು, ಕಣ್ಣಿಗೆ ಹತ್ತಿರ ಹಿಡಿದು ಬಿಂದಿಗೆಯ ಚಿತ್ರ ನೋಡಿದರು, ಒಂದೊಂದೇ ಅಕ್ಷರ ಕೂಡಿಸಿ ಓದಿಕೊಂಡರು. ಈ ವಿಷಯ ಯಾರಿಗೆಲ್ಲ ಗೊತ್ತು ಎಂದು ಕೇಳಿದರು. ಸ್ನೇಹಿತರಿಗೆ ಎಂದ ಮುರಳಿ.

"ನಕ್ಕುದ್ರಾ?"

ಇಲ್ಲಿಯೂ ಒಂದು ಸುಳ್ಳಿಗೆ ಜಾಗವಿತ್ತು. ಮುರಳಿ ತಲೆ ತಗ್ಗಿಸಿ, ಹೌದು ಎಂದ.

"ನೀವು?"

"ನಾನೂ."

ರಾಮಕ್ಕ ಲೇಬಲ್ಲನ್ನು ಇದ್ದಲ್ಲೇ ಇಟ್ಟರು. ಬೈಯುತ್ತಾರೆ ಎಂದು ಮುರಳಿ ಕಾದ. ಬೀದಿಗೆಲ್ಲ ಕೇಳುವ ಹಾಗೆ ಬೈದಿದ್ದರೆ, ಸಾಮಾನು ಎಸೆದಿದ್ದರೆ ಅವನ ಎದೆ ಹಗುರಾಗುತ್ತಿತ್ತು. ಅವರು ಬೈಯಲಿಲ್ಲ. ಅವನೇ ತಡವರಿಸುತ್ತಾ, ಇವತ್ತಿನಿಂದಲೇ ಮಾತ್ರೆ ಶುರುಮಾಡಿ, ಒಂದು ದಿನವೂ ತಡಮಾಡಬೇಡಿ, ಯಜಮಾನರಿಗೆ ನಿಜ ಹೇಳಿಬಿಡಿ, ನಾವು ತಿಂಗಳ ಕೊನೆಗೆ ಮನೆ ಖಾಲಿ ಮಾಡುತ್ತೇವೆ ಎಂದ. ಆ ಕೊನೆಯ ಮಾತು ಹೇಳುವಾಗ ಒಂದು ಸಣ್ಣ ಸಮಾಧಾನವೂ ಇತ್ತು. ಕೆಂಗೇರಿಯಲ್ಲೋ ಎಲ್ಲೋ ಗುರುತಿಲ್ಲದ ಬೀದಿಯಲ್ಲಿ ಮನೆ ಹಿಡಿದರೆ ಈ ಮುಖಗಳನ್ನು ದಿನವೂ ನೋಡಬೇಕಾಗಿಲ್ಲ.

"ಏನಂತ ಹೇಳ್ಲಿ ಅವ್ರಿಗೆ?" ರಾಮಕ್ಕನ ದನಿ ಏರಲೇ ಇಲ್ಲ. "ಕೈ ಎದ್ದಿದ್ದೇ ಆ ದೇವ್ರಿಂದ ಅನ್ಕೊಂಡಿದಾರೆ. ದೇವ್ರೇ ಇಲ್ಲ ಅಂದ್ರೆ ಆ ಕೈ ಮತ್ತೆ ಏಳಲ್ಲ. ನೀವ್ ಬನ್ನಿ ಕೆಳಗೆ. ದೇವ್ರು ಮಾತ್ರೆ ತಗೋ ಅಂದ ಅಂತ ನೀವೇ ಹೇಳಿ. ನನ್ ಬಾಯಲ್ಲಿ ಆ ಸುಳ್ಳು ಬರಲ್ಲ. ನಿಮ್ಗೆ ಬರತ್ತೆ."

ಇಷ್ಟು ಹೇಳಿ ಅವರು ಮುಂದೆ ಇಳಿದರು. ಬೇಡವೆಂದು ಬಿಟ್ಟ ಸುಳ್ಳನ್ನೇ ಹೊತ್ತುಕೊಂಡು ಮುರಳಿ ಹಿಂದೆ ಇಳಿದ. ಕೈಯಲ್ಲಿ ನೀರಿನ ಲೋಟವಿತ್ತು. ರಾಮಕ್ಕ ಹಾಳೆಯಿಂದ ಮಾತ್ರೆ ಕಿತ್ತು ಅವನ ಅಂಗೈಗೆ ಹಾಕಿದರು, ಬೆರಳು ಸೋಕದ ಹಾಗೆ ಸ್ವಲ್ಪ ಮೇಲಿನಿಂದಲೇ.

ಇವತ್ತು ಎರಡನೆಯ ಸಲವೇ ಎಂದು ದೊಡ್ಡಹನುಮಯ್ಯ ಹಾಸಿಗೆಯಿಂದ ಕತ್ತೆತ್ತಿದರು. ಮುರಳಿ ಮಂಡಿಯೂರಿ ಕೂತ.

"ಯಜಮಾನ್ರೇ, ತೀರ್ಥದ್ ಜೊತೆ ಮಾತ್ರೆನೂ ತಗೋಬೇಕಂತೆ. ದೇವ್ರ ಅಪ್ಪಣೆ ಆಗಿದೆ."

ಮುದುಕರ ಕಣ್ಣು ಅಗಲವಾದವು. "ನಿಮ್ ಜೊತೆ ಮಾತಾಡ್ತಾನಾ?"

ಮುರಳಿ ತಿರುಗಿ ನೋಡಿದ. ರಾಮಕ್ಕ ಬಾಗಿಲಿಗೆ ಒರಗಿ ನಿಂತಿದ್ದರು. ಅವರ ಮುಖದಲ್ಲಿ ಸಿಟ್ಟು ಕೂಡ ಇರಲಿಲ್ಲ.

"ಕೇಳ್ತಾ ಇದಾರಲ್ಲ, ಹೇಳಿ" ಎಂದರು.

"ಮಾತಾಡ್ತಾನೆ" ಎಂದ ಮುರಳಿ.

ದೊಡ್ಡಹನುಮಯ್ಯ ಮಾತ್ರೆಯನ್ನು ನಾಲಿಗೆಯ ಮೇಲೆ ಹಾಕಿಸಿಕೊಂಡು ನೀರು ಕುಡಿದು ನುಂಗಿದರು. ಮುರಳಿ ಎದ್ದು ನಿಂತ. ಆಮೇಲೆ ಹಾಸಿಗೆಯ ಅಂಚಿಗೆ ಸರಿದು, ಆ ಬಲಗೈಯನ್ನು ಕಷ್ಟಪಟ್ಟು ಎತ್ತಿ ಮುರಳಿಯ ಪಾದದ ಕಡೆಗೆ ಚಾಚಿದರು. ಮುರಳಿ ಗಾಬರಿಯಿಂದ ಕಾಲು ಹಿಂದಕ್ಕೆ ತೆಗೆದುಕೊಂಡ.

"ಮುಟ್ಟಿಸ್ಕೊಳ್ಳಿ" ಎಂದರು ರಾಮಕ್ಕ. "ಆ ಕೈ ಅಲ್ಲೀವರ್ಗೂ ಬರ್ಲಿ."

ಅವನು ಕಾಲನ್ನು ಮತ್ತೆ ಮುಂದಿಟ್ಟ. ಕೈ ಬಂದು ಮುಟ್ಟಲು ಬಹಳ ಹೊತ್ತು ಹಿಡಿಯಿತು. ಅಷ್ಟೂ ಹೊತ್ತು ಅವನು ಕದಲದೆ ಇದ್ದ. ಬೋರ್ ನೀರಿನಲ್ಲಿ ಒರೆಸಿ ಒರೆಸಿ ಬಿಳಿಗಟ್ಟಿದ ಆ ನೆಲದಲ್ಲಿ ತನಗೆ ಹುಗಿದುಕೊಳ್ಳಲು ಒಂದು ಗೇಣು ಜಾಗ ಸಿಗಬಾರದೇ ಎನಿಸುತ್ತಿತ್ತು. ಮುದುಕರು ಮುಟ್ಟಿದ ಬೆರಳನ್ನು ಕಣ್ಣಿಗೊತ್ತಿಕೊಂಡು ತೃಪ್ತಿಯಿಂದ ಮಲಗಿದರು.

ಹೊರಗೆ ಬಂದ ಮೇಲೆ ಮುರಳಿ ಚಪ್ಪಲಿ ಹುಡುಕುತ್ತಾ, ರಾಮಕ್ಕನ ಮುಖ ನೋಡದೆ, ಹೀಗೆ ಎಷ್ಟು ದಿನ ಎಂದು ಕೇಳಿದ.

"ಮಾತ್ರೆ ಅವ್ರಿರೋವರ್ಗೂ ಅಂದಿದಾರೆ ಡಾಕ್ಟ್ರು. ಮನೆ ಖಾಲಿ ಮಾಡೋ ಮಾತ್ ಎತ್ಬೇಡಿ." ರಾಮಕ್ಕ ಬಾಗಿಲು ಮುಂದೆ ಮಾಡಿಕೊಂಡರು. ಪೂರ್ತಿ ಮುಚ್ಚುವ ಮೊದಲು ಮತ್ತೆ ಹೇಳಿದರು. "ಬೆಳಿಗ್ಗೆ ಏಳಕ್ ಬನ್ನಿ. ಸ್ನಾನ ಮಾಡ್ಕೊಂಡ್ ಬನ್ನಿ."